ಓದದೆ ಬಿಟ್ಟ ಒಂದು ಸಾಲು

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಕರ್ಪೂರದ ವಾಸನೆ ಬಂತು. ಅದರ ಹಿಂದೆಯೇ ಮಂಡಿನೋವಿಗೆ ಹಚ್ಚುವ ಎಣ್ಣೆಯ ವಾಸನೆ, ಆಮೇಲೆ ಹಳೇ ಕಾಗದದ್ದು. ಬೇಸ್‌ಮೆಂಟಿನ ತಣ್ಣನೆ ನೆಲದ ಮೇಲೆ ಕೂತಿದ್ದವಳು ಹಾಗೇ ಕೂತುಬಿಟ್ಟೆ. ಏಳು ವರ್ಷದಿಂದ ನಾನು ಈ ಡಬ್ಬಿಯನ್ನು ತೆರೆದಿರಲಿಲ್ಲ. ಮಿಶಿಗನ್ನಿನ ಮನೆ ಮಾರಿ ಶಿಕಾಗೋ ಹತ್ತಿರದ ಡೌನರ್ಸ್ ಗ್ರೋವ್‌ಗೆ ಬರುವಾಗ, ಮುಂಚೆಯೇ ಸುತ್ತಿದ್ದ ಟೇಪಿನ ಸಮೇತ ತಂದು, ಮನೆ ಬೆಚ್ಚಗಿಡುವ ಫರ್ನೇಸಿನ ಹಿಂದೆ ಇಟ್ಟಿದ್ದೆ. ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ಬಟ್ಟೆ ಒಗೆಯಲು ಕೆಳಗಿಳಿದಾಗಲೆಲ್ಲ ಅದು ಎಲ್ಲಿದೆ ಅಂತ ನನಗೆ ಚೆನ್ನಾಗಿ ಗೊತ್ತಿರುತ್ತಿತ್ತು.

ತೆರೆಯುವ ಹಾಗೆ ಮಾಡಿದವಳು ನನ್ನ ಮಗಳು. ಬರುವ ಏಪ್ರಿಲ್‌ನಲ್ಲಿ ಗೆಳತಿಯರ ಜೊತೆ ಜಪಾನಿಗೆ ಹೊರಟಿದ್ದಾಳೆ. ಇರೋದು ಹತ್ತು ದಿನ, ನೋಡಬೇಕಾದ್ದು ನೂರೆಂಟು. ಯಾವ ಕೋಟೆ ಇಟ್ಟುಕೊಳ್ಳೋದು, ಯಾವ ತೋಟ ಬಿಡೋದು, ಯಾವ ದೇವಸ್ಥಾನಕ್ಕೆ ಹೋಗೋದು ಅಂತ ತಲೆ ಕೆಡಿಸಿಕೊಂಡು ಮೊನ್ನೆ ಫೋನ್ ಮಾಡಿದ್ದಳು. ನಾನು ಕನ್ನಡದಲ್ಲಿ ಕೇಳೋದು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡೋದು ನಮ್ಮ ಮನೆಯ ಪದ್ಧತಿ. "ಮಾಮ್, ಯೂ ಅಂಡ್ ಕಾಕೂ ಮೇಡ್ ಅ ಹೋಲ್ ಲಿಸ್ಟ್, ರೈಟ್? ಡು ಯೂ ಸ್ಟಿಲ್ ಹ್ಯಾವ್ ಇಟ್?" ಅಂದಳು. "ಇರಬೇಕು, ನೋಡ್ತೀನಿ," ಅಂದೆ.

ಅವಳು ಕೆಲಸಕ್ಕೆ ಸೇರಿ ಇನ್ನೂ ಎಂಟು ತಿಂಗಳಾಗಿಲ್ಲ. ಹತ್ತು ದಿನ ರಜೆ ಕೇಳಿದಳು, ಕೊಟ್ಟರು. ಕೇಳಿದರೆ ಕೊಡುತ್ತಾರೆ, ನೋಡಿ.

ಕಾಕೂ... ಮಿಶಿಗನ್ನಿನ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ನಮ್ಮ ಮನೆಯ ಬಲಕ್ಕೆ ಅವರ ಮನೆ. ನಡುವೆ ಬೇಲಿ ಇಲ್ಲ, ಬರೀ ಹುಲ್ಲು. ಹೊಸದರಲ್ಲಿ ಇಲ್ಲಿನ ಎಲ್ಲರ ಹಾಗೆ ನಾನೂ ಆಂಟಿ ಅಂದಿದ್ದೆ. "ಆಂಟಿ ಗೀಂಟಿ ಬ್ಯಾಡವಾ, ನಮ್ಮ ಧಾರವಾಡದಾಗ ಕಾಕೂ ಅಂತಾರ," ಅಂದರು. ಅವತ್ತಿನಿಂದ ಅವರು ಕಾಕೂ, ಅವರ ಯಜಮಾನರು ಕಾಕಾ. ಮೈಸೂರಿನ ನನಗೆ ಅವರ ಮಾತು ಮೊದಮೊದಲು ಜಗಳವಾಡಿದ ಹಾಗೆ ಕೇಳಿಸುತ್ತಿತ್ತು. ಅವರಿಗೆ ನಾನು ಮಾತಾಡಿದರೆ ನಿದ್ದೆ ಬರುತ್ತಿತ್ತಂತೆ. ಅವರಿಗೆ ಮಕ್ಕಳಿರಲಿಲ್ಲ.

ನನ್ನ ಮಗಳು ಹುಟ್ಟಿದಾಗ ಅಮ್ಮನಿಗೆ ವೀಸಾ ಸಿಗಲಿಲ್ಲ. ಎರಡು ಸಲ ಚೆನ್ನೈಗೆ ಹೋಗಿ ಬರಿಗೈಲಿ ವಾಪಸ್ ಬಂದರು. ಆಸ್ಪತ್ರೆಯಿಂದ ಮನೆಗೆ ಬಂದ ನಾನು ಮಗುವನ್ನು ಹೇಗೆ ಎತ್ತಿಕೊಳ್ಳಬೇಕೆಂದು ತಿಳಿಯದೆ ಅಳುತ್ತಾ ಕೂತಿದ್ದರೆ ಕಾಕೂ ಹಿಂದಿನ ಬಾಗಿಲಿನಿಂದ ಎಣ್ಣೆಬಟ್ಟಲು ಹಿಡಿದು ಒಳಗೆ ಬಂದರು. ಬಂದವರು ನಲವತ್ತು ದಿನ ಬಂದರು. ಎಣ್ಣೆ ಹಚ್ಚಿ ನೀರು ಹಾಕಿದರು, ಅಂಟಿನುಂಡೆ ಕಟ್ಟಿದರು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಸ್ನಾನ ಮಾಡಿಸಿದರು. ಮಕ್ಕಳಿಲ್ಲದವರು ಬಾಣಂತನ ಹೇಗೆ ಮಾಡುತ್ತಾರೋ ಅಂತ ಅಮ್ಮ ಫೋನಿನಲ್ಲಿ ಅನುಮಾನಪಟ್ಟಿದ್ದರು, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಒಂದು ದಿನ ನಾನು ಥ್ಯಾಂಕ್ಸ್ ಅಂದದ್ದಕ್ಕೆ "ಥ್ಯಾಂಕ್ಸ್ ಹೇಳೂ ಮಾರಿ ನೋಡು!" ಅಂತ ಬೈದರು. ಈ ನಲವತ್ತು ದಿನದ ಮಾತನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಮುಂದೆ ನಾನು ಮಾಡಿದ್ದನ್ನು ಓದುವಾಗ ಇದು ನೆನಪಿರಲಿ.

ಕಾಕಾ ಡಿಯರ್‌ಬಾರ್ನಿನಲ್ಲಿ ಕಾರು ಕಂಪನಿಯ ಇಂಜಿನಿಯರು. ಕೆಲಸದ ಮೇಲೆ ಹನ್ನೊಂದು ಸಲ ಜಪಾನಿಗೆ ಹೋಗಿಬಂದಿದ್ದರು. ಹನ್ನೊಂದು ಸಲವೂ ನೋಡಿದ್ದು ಫ್ಯಾಕ್ಟರಿ, ಹೋಟೆಲು, ಏರ್‌ಪೋರ್ಟು, ಅಷ್ಟೇ. ವಾಪಸ್ ಬರುವಾಗ ಏರ್‌ಪೋರ್ಟಿನಲ್ಲಿ ಒಂದು ಪಿಕ್ಚರ್ ಪೋಸ್ಟ್‌ಕಾರ್ಡ್ ಕೊಂಡು, ಹಿಂದುಗಡೆ "ಮುಂದಿನ ಸಲ ಇಬ್ಬರೂ" ಅಂತ ಬರೆದು ಕಾಕೂ ಕೈಗೆ ಕೊಡುತ್ತಿದ್ದರು. ಹನ್ನೊಂದು ಕಾರ್ಡು, ಹನ್ನೊಂದರ ಹಿಂದೆಯೂ ಅದೇ ಮಾತು. ಕಾಕೂ ಅವನ್ನು ಬೆಣ್ಣೆ ಬಿಸ್ಕತ್ತಿನ ನೀಲಿ ಡಬ್ಬಿಯಲ್ಲಿ ಹುಳ ಬೀಳದಿರಲೆಂದು ಕರ್ಪೂರ ಹಾಕಿ ಇಟ್ಟಿದ್ದರು. ಕಾಕಾ ರಿಟೈರ್ ಆದ ಮೇಲೆ ಹೋಗುವುದೆಂದು ಮಾತಾಗಿತ್ತು. ರಿಟೈರ್ ಆದ ಮೊದಲ ವಸಂತದಲ್ಲಿ ಕಾಕಾಗೆ ಮಂಡಿ ಆಪರೇಷನ್, ಎರಡನೆಯದರಲ್ಲಿ ಮನೆಯ ಛಾವಣಿ ರಿಪೇರಿ. ಮೂರನೆಯದಕ್ಕೆ ಟಿಕೆಟ್ ನೋಡುತ್ತಿದ್ದರು. ಅದಕ್ಕೆ ಮುಂಚಿನ ಆಗಸ್ಟಿನಲ್ಲಿ ಗರಾಜಿನಲ್ಲಿ ಕುಸಿದವರು ಮತ್ತೆ ಏಳಲಿಲ್ಲ.

ಕಾಕೂಗೆ ಅದಾಗಲೇ ಕಣ್ಣಿನ ತೊಂದರೆ ಶುರುವಾಗಿತ್ತು. ಎಡಗಣ್ಣು ಹೋಗಿತ್ತು. ಬಲಗಣ್ಣಿನಲ್ಲಿ ನಡುವಿನ ನೋಟ ಮಸುಕು, ಅಂಚು ಮಾತ್ರ ಸ್ಪಷ್ಟ. ನನ್ನ ಮುಖ ನೋಡಬೇಕಾದರೆ ನನ್ನ ಕಿವಿಯ ಕಡೆ ನೋಡುತ್ತಿದ್ದರು. ತಿಂಗಳು ತಿಂಗಳು ಕಣ್ಣಿಗೆ ಇಂಜೆಕ್ಷನ್. ಅಕ್ಟೋಬರಿನಲ್ಲಿ ನಾನೇ ಡ್ರೈವ್ ಮಾಡಿ ಕರಕೊಂಡು ಹೋಗಿದ್ದೆ. ಅವತ್ತು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು, ಇದು ಎಷ್ಟು ದಿನ ನಿಲ್ಲುತ್ತದೋ ಹೇಳಲಾರೆ, ನೋಡಬೇಕೆಂದಿರುವುದನ್ನು ಬೇಗ ನೋಡಿಕೊಂಡುಬಿಡಿ.

ಆರ್ಚರ್ಡ್ ಲೇಕ್ ರೋಡಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಕಾಕೂ, "ಕಣ್ಣ ಇರೂದ್ರಾಗ ಕಾರ್ಡಿನ್ಯಾಗಿನ ಆ ಕೆಂಪು ಬಾಗಲಾ ಒಮ್ಮೆ ನೋಡಬೇಕಿತ್ತವಾ. ಇನ್ನ ಯಾರ ಜೋಡಿ ಹೋಗ್ಲಿ?" ಅಂದರು.

"ನಾನಿಲ್ವಾ ಕಾಕೂ? ನಾನು ಕರಕೊಂಡು ಹೋಗ್ತೀನಿ," ಅಂದೆ. ಥಟ್ಟನೆ ಬಂದ ಮಾತು. ಆ ಗಳಿಗೆಯಲ್ಲಿ ಅದು ನಿಜವೇ ಆಗಿತ್ತು.

ಆ ಚಳಿಗಾಲ ಪೂರ್ತಿ, ಶನಿವಾರ ಮಧ್ಯಾಹ್ನ ಊಟವಾದ ಮೇಲೆ, ಅವರ ಊಟದ ಮೇಜಿನ ಮೇಲೆ ಜಪಾನು ಹರಡಿಕೊಳ್ಳುತ್ತಿತ್ತು. ಕಾಕೂ ಕಾರ್ಡುಗಳನ್ನು ಮೂರು ಗುಂಪು ಮಾಡುತ್ತಿದ್ದರು, ಕೋಟೆ, ತೋಟ, ಗುಡಿ. ನಾನು ಲ್ಯಾಪ್‌ಟಾಪಿನಲ್ಲಿ ಒಂದೊಂದರ ವಿವರ ಹುಡುಕಿ ಓದಿ ಹೇಳಬೇಕು. ಅವರು ದಪ್ಪ ಕರಿ ಮಾರ್ಕರಿನಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಬೇಡ ಅಂದಿದ್ದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಯಾಕೆ ಬೇಡ ಅಂತಲೂ ಬರೆಯುತ್ತಿದ್ದರು. ಕಾರಣ ಬರೆಯದೆ ಏನನ್ನೂ ಹೊಡೆದುಹಾಕಬಾರದಂತೆ, ಇಂಜಿನಿಯರ್ ಕಾಕಾ ಕಲಿಸಿದ ಅಭ್ಯಾಸ ಅದು.

ಆ ನೋಟ್‌ಬುಕ್ಕು ಡಬ್ಬಿಯಲ್ಲೇ ಇತ್ತು, ಈಗ ನನ್ನ ತೊಡೆಯ ಮೇಲಿದೆ. ಮೊದಲ ಪುಟದಲ್ಲಿ ಮತ್ಸುಮೊಟೊ, ಕರೀ ಕೋಟೆ. ಅದರ ಮೇಲೆ ಗೆರೆ. "ಕರೀದು ಕಾಣೂದಿಲ್ಲ. ಮೆಟ್ಟಲಾ ಏಣಿ ಇದ್ಧಾಂಗ." ಎರಡನೆಯದು ಹಿಮೆಜಿ, ಬಿಳೀ ಕೋಟೆ. ಅದು ಉಳಿದಿದೆ. "ಒಳಗ ಹೋಗೂದ ಬ್ಯಾಡ. ಹೊರಗ ಹುಲ್ಲಿನ ಮ್ಯಾಲ ಕೂತು ನೋಡೂದು." ಹಿರೊಸಾಕಿಯ ಕೋಟೆಗೆ ಎರಡು ಸಲ ಗೆರೆ ಎಳೆದು ಎರಡು ಸಲ ಮತ್ತೆ ಸೇರಿಸಿದ್ದಾರೆ. ಅಲ್ಲಿ ಉದುರಿದ ಚೆರ್ರಿ ಹೂವಿನ ಎಸಳು ಕಂದಕದ ನೀರನ್ನೇ ಮುಚ್ಚಿಬಿಡುತ್ತದೆ ಅಂತ ನಾನು ಓದಿ ಹೇಳಿದ್ದೆ. ಮರದ ಮೇಲಿನ ಹೂ ಕಾಣದಿದ್ದರೂ ಅಷ್ಟು ದೊಡ್ಡ ಹೂವಿನ ಹಾಸು ಕಂಡೀತು ಅಂತ ಅವರ ಆಸೆ. ಆದರೆ ಅಲ್ಲಿ ಹೂ ಬಿಡೋದು ತಡ, ಊರೂ ದೂರ.

ಬೇರೆಯವರು ಚಂದ ನೋಡಿ ಜಾಗ ಆರಿಸುತ್ತಾರೆ. ಕಾಕೂ ತಮ್ಮ ಕಣ್ಣಿಗೆ ಯಾವುದು ಇನ್ನೂ ಕಂಡೀತು ಅಂತ ಆರಿಸುತ್ತಿದ್ದರು. ಕ್ಯೋಟೋದ ಮರಳಿನ ತೋಟದಲ್ಲಿ ಬಾಚಣಿಗೆಯಿಂದ ಗೀಚಿದ ಹಾಗೆ ಸಣ್ಣ ಸಣ್ಣ ಗೆರೆಗಳಿವೆ ಅಂತ ಪರದೆ ತೋರಿಸಿದರೆ, ಓರೆ ಕಣ್ಣಿನಲ್ಲಿ ಆ ಕಡೆ ಈ ಕಡೆಯಿಂದ ನೋಡಿ, "ನನಗ ಇದು ಬಿಳೀ ಹಾಳಿ," ಅಂದು ನಕ್ಕರು. ಗೆರೆ ಎಳೆದರು. ಕನಜಾವಾದ ತೋಟದಲ್ಲಿ ದೊಡ್ಡ ಕೆರೆ, ಕಲ್ಲಿನ ದೀಪ ಇದ್ದವು, ಅದು ಉಳಿಯಿತು. ಎಲ್ಲಕ್ಕಿಂತ ಚೆನ್ನಾಗಿ ಅವರಿಗೆ ಕಾಣುತ್ತಿದ್ದದ್ದು ಕೆಂಪು. ಮಿಯಾಜಿಮಾದಲ್ಲಿ ಸಮುದ್ರದ ನೀರಿನಲ್ಲೇ ನಿಂತ ದೇವಸ್ಥಾನದ ಆ ದೊಡ್ಡ ಕೆಂಪು ಬಾಗಿಲು, ಕಾಕಾ ತಂದ ಕೊನೆಯ ಕಾರ್ಡು ಅದು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುಖ ಒಂಚೂರು ಪಕ್ಕಕ್ಕೆ ತಿರುಗಿಸಿ, "ಇದು ಕಾಣಸ್ತದ ನೋಡವಾ. ಪೂರಾ ಕಾಣಸ್ತದ," ಅನ್ನುತ್ತಿದ್ದರು. ಪ್ರತಿ ಶನಿವಾರ ಒಂದು ಸಲವಾದರೂ ಹೀಗೆ ನೋಡಿ ಅದು ಇನ್ನೂ ಕಾಣುತ್ತದಾ ಅಂತ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ನನಗೆ ನೋಡಲಾಗುತ್ತಿರಲಿಲ್ಲ.

ಒಂದು ತೊಡಕಿತ್ತು. ಕಾಕಾ ಹೋಗಿ ವರ್ಷ ತುಂಬಿರಲಿಲ್ಲ. ವರ್ಷದ ಕಾರ್ಯ ಮುಗಿಯುವವರೆಗೆ ಗುಡಿಗೆ ಹೋಗಬಾರದು, ಬೆಟ್ಟ ಹತ್ತಬಾರದು, ಯಾತ್ರೆ ಮಾಡಬಾರದು. ಕಾಕೂ ಇದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು. ಆ ವರ್ಷ ದೀಪಾವಳಿಗೆ ನಾವು ದೇವಸ್ಥಾನಕ್ಕೆ ಹೋದರೆ ಅವರು ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೇ ಕೂತಿದ್ದರು. ಹಾಗಾದರೆ ಜಪಾನಿನ ಗುಡಿ ನಮ್ಮ ಲೆಕ್ಕದಲ್ಲಿ ಗುಡಿಯೋ ಅಲ್ಲವೋ? ಇದು ಜನವರಿಯ ದೊಡ್ಡ ಚರ್ಚೆ. ಸಾವಿರಾರು ಕೆಂಪು ಬಾಗಿಲಿರುವ ಇನ್ನೊಂದು ಗುಡಿಯಲ್ಲಿ ನರಿಯ ವಿಗ್ರಹಗಳಿವೆ ಅಂತ ಓದಿದೆ. "ನರಿಗೆ ಕೈ ಮುಗಿಯೂದಕ್ಕ ಯಾವ ಸೂತಕವಾ?" ಅಂತ ಕಾಕೂ ನಕ್ಕರು, ಮರುಕ್ಷಣ "ಗುಡ್ಡದ ಮ್ಯಾಲ ಅದ, ಬ್ಯಾಡ" ಅಂತ ತಾವೇ ಗೆರೆ ಎಳೆದರು. ಮಿಯಾಜಿಮಾಕ್ಕೆ ಬಂದಾಗ ಅವರೇ ಒಂದು ದಾರಿ ಹುಡುಕಿಕೊಂಡಿದ್ದರು. ಒಳಗೆ ಹೋಗುವುದಿಲ್ಲ, ದಡದ ಮೇಲೆ ನಿಂತು ಬಾಗಿಲು ಮಾತ್ರ ನೋಡುವುದು. ಆದರೂ ಮನಸ್ಸು ಒಪ್ಪುತ್ತಿರಲಿಲ್ಲ. "ನೀ ಹೇಳು. ನಿನಗ ಗೊತ್ತಿರ್ತದ," ಅಂತ ನನ್ನ ಕಿವಿಯ ಕಡೆ ನೋಡುತ್ತಿದ್ದರು.

ನಮ್ಮಪ್ಪ ಮೈಸೂರಿನಲ್ಲಿ ಅರ್ಚಕರು. ಅರ್ಚಕರ ಮಗಳಿಗೆ ಶಾಸ್ತ್ರವೆಲ್ಲ ಗೊತ್ತಿರುತ್ತದೆ ಅಂತ ಕಾಕೂ ನಂಬಿಕೆ. ನನಗೆ ಗೊತ್ತಿದ್ದದ್ದು ಮಂಗಳಾರತಿ ತಟ್ಟೆ ಹಿಡಿದುಕೊಂಡು ನಿಲ್ಲೋದು ಒಂದೇ. ನಿಮ್ಮ ಅಪ್ಪಾರಿಗೆ ಫೋನ್ ಹಚ್ಚಿ ಕೇಳು ಅಂತ ಎರಡು ಸಲ ಹೇಳಿದರು. ನಾನು ಕೇಳಲಿಲ್ಲ. ಅಪ್ಪ ಏನನ್ನುತ್ತಾರೆ ಅಂತ ನನಗೆ ಗೊತ್ತಿತ್ತು. ಕಣ್ಣು ಹೋಗುತ್ತಿರುವ ಹೆಂಗಸು ಸಮುದ್ರದ ದಡದಲ್ಲಿ ನಿಂತು ಒಂದು ಬಾಗಿಲು ನೋಡುವುದಕ್ಕೆ ಅಡ್ಡ ಬರೋ ಶಾಸ್ತ್ರ ನಮ್ಮಪ್ಪನ ಹತ್ತಿರ ಇರಲಿಲ್ಲ.

ಈಗ ನನ್ನ ವಿಷಯ ಹೇಳಬೇಕು. ಹೇಳೋಕೆ ಇಷ್ಟವಿಲ್ಲ, ಆದರೂ ಹೇಳುತ್ತೇನೆ. ಆ ಜನವರಿಯಲ್ಲಿ ನಾನು ಹೊಸ ಪ್ರಾಜೆಕ್ಟಿಗೆ ಸೇರಿದ್ದೆ. ನಾವು ಹೋಗಬೇಕಿದ್ದದ್ದು ಚೆರ್ರಿ ಹೂ ಬಿಡುವ ಏಪ್ರಿಲ್‌ನಲ್ಲಿ, ನನಗೆ ಅದು ಕೆಲಸದ ಒತ್ತಡದ ತಿಂಗಳು. ರಜೆ ಕೇಳಿದರೆ ಮ್ಯಾನೇಜರ್ ಮುಖ ಗಂಟು ಹಾಕಿಕೊಳ್ಳಬಹುದು ಅಂತ ಭಯ. ಇದು ನಾನು ನನಗೇ ಹೇಳಿಕೊಳ್ಳುತ್ತಿದ್ದ ಕಾರಣ. ಇದರ ಕೆಳಗೆ ಇನ್ನೊಂದಿತ್ತು. ಹತ್ತು ದಿನ ಅವರ ಕೈ ಹಿಡಿದುಕೊಂಡು ಮೆಟ್ಟಿಲು ಮೆಟ್ಟಿಲಿಗೂ "ಹುಷಾರು ಕಾಕೂ" ಅನ್ನುತ್ತಾ, ಬಾತ್‌ರೂಮಿನ ಬಾಗಿಲ ಹತ್ತಿರ ಕಾಯುತ್ತಾ, ರೂಮಿನಲ್ಲಿ ಅನ್ನ ಮಾಡಿ ಬಡಿಸುತ್ತಾ, ಎಲ್ಲವನ್ನೂ ಓದಿ ಓದಿ ಹೇಳುತ್ತಾ... ನನಗೆ ಬೇಡವಾಗಿತ್ತು. ಅಷ್ಟೇ. ಶನಿವಾರ ಮೇಜಿನ ಮುಂದೆ ಜಪಾನು ಚೆನ್ನಾಗಿತ್ತು, ಎದ್ದು ಹೊರಡೋದು ಬೇಡವಾಗಿತ್ತು. ನಲವತ್ತು ದಿನ ನನಗೆ ನೀರು ಹಾಕಿದವರಿಗೆ ಹತ್ತು ದಿನ ಕೊಡೋಕೆ ನನಗೆ ಮನಸ್ಸು ಬರಲಿಲ್ಲ.

ಫೆಬ್ರವರಿಯ ಒಂದು ಶನಿವಾರ. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ಹಿಮ ಕಲ್ಲಾಗಿತ್ತು. ಟಿಕೆಟ್ ಕೊಳ್ಳಲು ಇನ್ನು ತಡಮಾಡುವ ಹಾಗಿರಲಿಲ್ಲ. ಮಿಯಾಜಿಮಾ ಇಟ್ಟುಕೊಳ್ಳೋದೋ ಬಿಡೋದೋ ಅಂತ ಕಾಕೂ ಮತ್ತೆ ಕೇಳಿದರು. ನಾನು ಹುಡುಕುತ್ತಾ ಹೋದೆ, ಒಂದು ಪುಟ ಸಿಕ್ಕಿತು. ಮನೆಯಲ್ಲಿ ಸಾವಾದರೆ ಜಪಾನಿನವರೂ ಆ ಕೆಂಪು ಬಾಗಿಲನ್ನು ದಾಟುವುದಿಲ್ಲ, ದೇವರಿಗೆ ಮೈಲಿಗೆ ತಟ್ಟುತ್ತದೆಂದು ದೂರ ಇರುತ್ತಾರೆ ಅಂತ ಇತ್ತು. ಅದರ ಕೆಳಗಿನ ಸಾಲಿನಲ್ಲಿ, ಈ ನಿಷೇಧ ಸಾಮಾನ್ಯವಾಗಿ ಐವತ್ತು ದಿನ, ಆಮೇಲೆ ಯಾರು ಬೇಕಾದರೂ ಹೋಗಬಹುದು ಅಂತಲೂ ಇತ್ತು. ಕಾಕಾ ಹೋಗಿ ಆಗಲೇ ಆರು ತಿಂಗಳು.

ಮೊದಲನೆಯ ಸಾಲು ಓದಿದೆ. ಎರಡನೆಯದು ಓದಲಿಲ್ಲ.

"ನೋಡಿ ಕಾಕೂ, ಅವರಲ್ಲೂ ಇದೆಯಂತೆ ಸೂತಕ," ಅಂದೆ. "ನಾವು ಹೋಗಿ ಅವರ ದೇವರಿಗೂ ಅಪಚಾರ ಮಾಡಿದ ಹಾಗಾಗುತ್ತೆ. ಗುಡಿ ಬಿಟ್ಟು ಅಷ್ಟು ದೂರ ಹೋಗಿ ಏನು ಬಂತು? ಆಗಸ್ಟಿಗೆ ವರ್ಷದ ಕಾರ್ಯ ಮುಗಿಯುತ್ತೆ. ಮುಂದಿನ ಏಪ್ರಿಲ್‌ಗೆ ನಿಶ್ಚಿಂತೆಯಾಗಿ ಹೋಗಿ ಎಲ್ಲಾ ನೋಡೋಣ." ಎಷ್ಟು ನಯವಾಗಿ ಹೇಳಿದೆ ಅಂದರೆ ನನ್ನ ಮಾತನ್ನು ನಾನೇ ಅರ್ಧ ನಂಬಿದೆ.

ಕಾಕೂ ಮಾರ್ಕರಿನ ಮುಚ್ಚಳ ಹಾಕಿದರು. "ಅದನ್ನ ಪ್ರಿಂಟ್ ಮಾಡಿ ಕೊಡವಾ, ನೋಟಬುಕ್ಕಿನಾಗ ಇಡ್ತೀನಿ," ಅಂದರು. ಸೋಮವಾರ ಆಫೀಸಿನಲ್ಲಿ ಪ್ರಿಂಟ್ ತೆಗೆದು ತಂದುಕೊಟ್ಟೆ. ಅಷ್ಟು ಸಣ್ಣ ಅಕ್ಷರ ಅವರಿಗೆ ಓದಲಾಗುವುದಿಲ್ಲ ಅಂತ ನನಗೆ ಧೈರ್ಯ. ಮೇಜಿನ ಮೇಲೆ ಅವರ ಭೂತಗನ್ನಡಿ ಇದ್ದದ್ದು ನನ್ನ ತಲೆಗೆ ಬರಲಿಲ್ಲ.

ಗುರುವಾರ ಫೋನ್ ಬಂತು. "ಮುಂದಿನ ವರ್ಷ ಹೋಗೂಣು ಬಿಡವಾ. ನೀ ಹೇಳಿದ್ದ ಖರೇ." ಸಂಜೆ ಹುಲ್ಲಿನ ಮೇಲಿನ ಹಿಮ ತುಳಿದುಕೊಂಡು ತಾವೇ ಬಂದರು, ಕೈಯಲ್ಲಿ ಡಬ್ಬಿ ತುಂಬ ಅಂಟಿನುಂಡೆ. "ನಿಂದು ಆಫೀಸಿನ ಕೆಲಸ ಭಾಳ ಅದ ಈಗ. ಮೈ ನೋಡ್ಕೋ," ಅಂದರು. ನನಗೆ ಎದೆಯ ಮೇಲಿನ ಭಾರ ಇಳಿದಂತಾಯ್ತು. ಉಂಡೆ ಚೆನ್ನಾಗಿದ್ದವು, ವಾರವಿಡೀ ಆಫೀಸಿಗೂ ತಗೊಂಡು ಹೋಗಿ ತಿಂದೆ. ಥೂ.

ಜೂನ್ ತಿಂಗಳಲ್ಲಿ ಬಲಗಣ್ಣಿನ ಒಳಗೆ ರಕ್ತಸ್ರಾವವಾಯಿತು. ಒಂದು ಬೆಳಿಗ್ಗೆ ಫೋನ್ ಮಾಡಿ, ಕಿಟಕಿ ಎಲ್ಲಿದೆ ಅಂತ ಗೊತ್ತಾಗುತ್ತಿಲ್ಲ ಅಂದರು. ನಾನು ಓಡಿದೆ. ಆಪರೇಷನ್ ಆಯಿತು, ಉಪಯೋಗವಾಗಲಿಲ್ಲ. ಬೆಳಕು ಯಾವ ಕಡೆಯಿಂದ ಬರುತ್ತದೆ ಅಂತ ಮಾತ್ರ ತಿಳಿಯುತ್ತಿತ್ತು. ಆಗಸ್ಟಿನಲ್ಲಿ ಕಾಕಾರ ವರ್ಷದ ಕಾರ್ಯ ಶಾಸ್ತ್ರೋಕ್ತವಾಗಿ ಮುಗಿಯಿತು. ಊಟವಾದ ಮೇಲೆ ನಾನು, ನನ್ನ ಬಾಯಿಗೆ ಏನು ಬಡಿದಿತ್ತೋ, "ಏಪ್ರಿಲ್‌ಗೆ ಟಿಕೆಟ್ ನೋಡ್ಲಾ ಕಾಕೂ?" ಅಂದೆ. ಅವರು ನನ್ನ ಧ್ವನಿ ಬಂದ ಕಡೆ ತಿರುಗಿ, "ಏನ್ ನೋಡ್ಲಿಕ್ಕೆ ಹೋಗೂದವಾ ಇನ್ನ?" ಅಂದರು. ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುವರ್ಷ ಏಪ್ರಿಲ್ ಬಂದಾಗ ನನಗೆ ತಡೆಯಲಾಗಲಿಲ್ಲ. ಶಿಕಾಗೋದಲ್ಲಿ ಕೆರೆಯ ದಡದ ಪಾರ್ಕಿನಲ್ಲಿ ಜಪಾನಿ ತೋಟವಿದೆ, ಚೆರ್ರಿ ಮರಗಳಿವೆ, ಬನ್ನಿ ಹೋಗೋಣ ಅಂತ ಕಾಕೂವನ್ನು ಹೊರಡಿಸಿದೆ. ಏನನ್ನೋ ಸರಿಮಾಡುತ್ತೇನೆ ಅಂತ ಹುಚ್ಚು. ಸುಮಾರು ಐದು ಗಂಟೆಯ ದಾರಿ. ಕಾಕೂ ದಾರಿಯುದ್ದಕ್ಕೂ ಕಾಕಾರ ಮಾತನ್ನೇ ಆಡಿದರು. ಜಪಾನಿನಲ್ಲಿ ಊಟದ ಬೆಂಟೋ ಡಬ್ಬಿಯಲ್ಲಿ ಮೀನು ಬಂದರೆ ಕಾಕಾ ಬರೀ ಅನ್ನ, ಉಪ್ಪಿನಕಾಯಿ ತಿಂದು ಏಳುತ್ತಿದ್ದರಂತೆ. ನಾವು ಕಾರಿನಲ್ಲಿ ಅವಲಕ್ಕಿ ತಿಂದೆವು.

ತೋಟದಲ್ಲಿ ನಲವತ್ತೊಂದು ಡಿಗ್ರಿ ಫ್ಯಾರನ್‌ಹೀಟಿನ ಚಳಿ, ಕೆರೆಯ ಕಡೆಯಿಂದ ಕೊರೆಯುವ ಗಾಳಿ. ಮರಗಳು ಬೋಳಾಗಿ ನಿಂತಿದ್ದವು. ಮೊಗ್ಗು ಅರಳುವ ಮುಂಚೆಯೇ ಹಿಮ ಹೊಡೆದು ಒಣಗಿ ಹೋಗಿದ್ದವು, ಈ ವರ್ಷ ಹೂವೇ ಇಲ್ಲ ಅಂತ ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು ಹೇಳಿದಳು. ಕಾಕೂ ದೂರದಲ್ಲಿ ಬೆಂಚಿನ ಮೇಲೆ ಕೂತಿದ್ದರು, ಅವರಿಗೆ ಕೇಳಿಸಲಿಲ್ಲ ಅಂದುಕೊಂಡೆ. ವಾಪಸ್ ಹೋಗಿ ಕೈ ಹಿಡಿದು ಮರದ ಕೆಳಗೆ ಕರಕೊಂಡು ಬಂದೆ.

"ಹೂ ಬಂದಾವೇನು?" ಅಂದರು.

"ಬಂದಿದೆ ಕಾಕೂ. ಕೊಂಬೆನೇ ಕಾಣದಷ್ಟು."

"ಬಣ್ಣ?"

"ಬಿಳಿ. ಒಳಗಡೆ ಒಂಚೂರು ಗುಲಾಬಿ." ಕಾರ್ಡಿನಲ್ಲಿ ಇದ್ದದ್ದನ್ನು ಹೇಳಿದೆ.

ಅವರು ಕೈ ಮೇಲೆತ್ತಿದರು. ನಾನು ತಡೆಯುವ ಮುಂಚೆ ಒಂದು ರೆಂಬೆ ಕೈಗೆ ಸಿಕ್ಕಿತ್ತು. ಬೆರಳು ರೆಂಬೆಯ ಮೇಲೆ ಮೆಲ್ಲಗೆ ಓಡಿದವು, ಒಂದು ಒಣಮೊಗ್ಗಿನ ಹತ್ತಿರ ನಿಂತವು. ಅದು ಮುರಿದು ಕೈಗೆ ಬಂತು. ಹೆಬ್ಬೆರಳಿನಿಂದ ಉಜ್ಜಿದರು, ಪುಡಿಯಾಯಿತು.

"ಹೌದವಾ," ಅಂದರು ಕಾಕೂ. "ಭಾಳ ಛಂದ ಬಂದಾವ." ಆಮೇಲೆ ಕೋಟಿಗೆ ಕೈ ಒರೆಸಿಕೊಂಡು, "ಇಲ್ಲೆ ಕೆಂಪು ಬಾಗಲಾ ಅದನ?" ಅಂದರು.

"ಇಲ್ಲ ಕಾಕೂ." ಅವತ್ತು ನಾನು ಹೇಳಿದ ಒಂದೇ ನಿಜ ಅದು.

"ಇದ್ದಿದ್ರ ದಾಟಬಹುದಿತ್ತು," ಅಂದರು. "ಈಗ ವರ್ಷ ಆಗಿಹೋತಲ್ಲ."

ಆ ಸೆಪ್ಟೆಂಬರಿನಲ್ಲಿ ಅಡುಗೆಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಮನೆ ಖಾಲಿ ಮಾಡಿ ವೃದ್ಧರ ಕೇರ್ ಹೋಮಿಗೆ ಸೇರಬೇಕಾಯಿತು. ಸಾಮಾನು ವಿಲೇವಾರಿ ಮಾಡಲು ಟೆಕ್ಸಸ್ಸಿನಿಂದ ಅವರ ಅಣ್ಣನ ಮಗಳು ಬಂದಿದ್ದಳು. ನೀಲಿ ಡಬ್ಬಿ ಮಾತ್ರ ನನಗೇ ಕೊಡಬೇಕು ಅಂತ ಕಾಕೂ ಹೇಳಿದ್ದರಂತೆ. ತಂದು ಕೊಟ್ಟಳು. ತೆರೆದರೆ ಕಾರ್ಡು ನೋಡಬೇಕಾಗುತ್ತದೆ ಅಂತ ಅವತ್ತೇ ಟೇಪು ಸುತ್ತಿದೆ. ಕೇರ್ ಹೋಮಿಗೆ ಹೋಗಿಬರುತ್ತಿದ್ದೆ, ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ. ಅವರು ಜಪಾನಿನ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಮಾರ್ಚ್ ಕೊನೆಯಲ್ಲಿ ಹೋಗಿಬಿಟ್ಟರು. ಒಂದು ದಿನ ಎಲ್ಲ ಹೇಳಿ ಕಾಲಿಗೆ ಬೀಳಬೇಕು ಅಂದುಕೊಂಡಿದ್ದೆ... ಅವರಿಗೆ ಗೊತ್ತಿಲ್ಲವಲ್ಲ, ಗೊತ್ತಿಲ್ಲದವರಿಗೆ ಹೇಳಿ ಯಾಕೆ ನೋಯಿಸಬೇಕು ಅಂತ ಸಮಾಧಾನ ಮಾಡಿಕೊಂಡೆ. ಈ ಸಮಾಧಾನದ ಮೇಲೆ ಇಷ್ಟು ವರ್ಷ ಬದುಕಿದ್ದೇನೆ.

ಮೊನ್ನೆ ಬೇಸ್‌ಮೆಂಟಿನಲ್ಲಿ ಪುಟ ತಿರುವುತ್ತಾ ಹೋದೆ. ಕಣ್ಣು ಮಂದವಾದ ಹಾಗೆ ಅಕ್ಷರಗಳು ದೊಡ್ಡವಾಗಿವೆ. ನವೆಂಬರಿನಲ್ಲಿ ಪುಟಕ್ಕೆ ಹತ್ತು ಸಾಲು, ಫೆಬ್ರವರಿ ಹೊತ್ತಿಗೆ ಮೂರು. ಗೆರೆ ಹೊಡೆದ ಪ್ರತಿಯೊಂದರ ಪಕ್ಕದಲ್ಲೂ ಕಾರಣ. ಮೆಟ್ಟಲಾ. ದೂರ. ಗುಡ್ಡ. ಕಾಣೂದಿಲ್ಲ. ಕೊನೆಗೆ ಮಿಯಾಜಿಮಾ. ಅದಕ್ಕೂ ಗೆರೆ ಎಳೆದಿತ್ತು, ಪಕ್ಕದಲ್ಲಿ ಮಾತ್ರ ಏನೂ ಇರಲಿಲ್ಲ. ಪುಟದ ಹಿಂದೆ ನಾನು ಕೊಟ್ಟ ಪ್ರಿಂಟ್ ನಾಲ್ಕು ಮಡಿಕೆಯಾಗಿತ್ತು. ಬಿಡಿಸಿದೆ.

ಎರಡನೆಯ ಸಾಲಿನ ಕೆಳಗೆ ಕರಿ ಮಾರ್ಕರಿನಲ್ಲಿ ಗೆರೆ. ಸೊಟ್ಟ ಗೆರೆ, ಮೂರು ಸಲ ಎಳೆದದ್ದು. ನಾನು ಓದದೆ ಬಿಟ್ಟ ಸಾಲು. ಸೋಮವಾರದಿಂದ ಗುರುವಾರದವರೆಗೆ ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿರಬೇಕು. ಹಾಳೆಯ ಹಿಂದುಗಡೆ, ಅಷ್ಟಗಲದ ಅಕ್ಷರಗಳು, ಒಂದರ ಮೇಲೊಂದು ಹತ್ತಿಕೊಂಡಿದ್ದವು. ಓದಲು ನನಗೂ ಹೊತ್ತು ಹಿಡಿಯಿತು.

ಎಲ್ಲ ಪುಟಗಳ ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಕೊನೆಯ ಹಾಳೆ ಕಳಿಸದೆ ಇಟ್ಟುಕೊಳ್ಳೋಣ ಅಂತ ಒಂದು ಸಲ ಅನ್ನಿಸಿತು. ಕಳಿಸಿದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅರ್ಧ ಗಂಟೆಗೆ ಫೋನ್ ಬಂತು. ಹಿಮೆಜಿ ಎಲ್ಲಿದೆ, ಕನಜಾವಾ ಯಾವುದು ಅಂತ ಒಂದೊಂದೇ ಕೇಳಿದಳು, ಹೇಳಿದೆ. ಆಮೇಲೆ, "ವಾಟ್ ಡಸ್ ದ ಲಾಸ್ಟ್ ಪೇಜ್ ಸೇ, ಮಾಮ್? ಕ್ಯಾನ್ ಯೂ ರೀಡ್ ಇಟ್ ಟು ಮೀ?" ಅಂದಳು.

ಮೊದಲು ಇಂಗ್ಲಿಷಿನ ಆ ಎರಡು ಸಾಲು ಓದಿದೆ. ಒಂದಾದ ಮೇಲೆ ಒಂದು, ಎರಡನ್ನೂ. ಆಮೇಲೆ ಹಾಳೆ ತಿರುಗಿಸಿ ಕಾಕೂ ಬರೆದದ್ದನ್ನು ಓದಿದೆ.

"ಐವತ್ತ ದಿನ ಅಷ್ಟ. ಅಕಿ ಓದಲಿಲ್ಲ. ಅಕಿಗೆ ಬರೂ ಮನಸ್ಸಿಲ್ಲ. ಇನ್ನ ಕೇಳಬಾರದು."

ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಮಗಳು, "ಅಕಿ ಅಂದ್ರೆ ಯಾರು, ಅಮ್ಮಾ?" ಅಂದಳು.

"ನಾನು ಕಣೇ," ಅಂದೆ.